ಹಡಗು ಒಂದು ದಿನ ನಿಂತ್ರೆ ರಮ್ ಡಿಸ್ಟಿಲರಿ ನೋಡ್ಬಹುದಾ?

ಪ್ರಶ್ನೆ: ಫೆಬ್ರವರಿಯಲ್ಲಿ ನಾನು, ನಮ್ಮನೆಯವ್ರು, ಹನ್ನೊಂದು ವರ್ಷದ ಮಗ, ಅತ್ತೆ ಎಲ್ಲಾ ಸೇರಿ ಕೆರಿಬಿಯನ್ ಕ್ರೂಸ್ ಹೋಗ್ತಿದೀವಿ. ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಹಡಗು ಬೆಳಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತೆ. ನಮ್ಮನೆಯವ್ರಿಗೆ ರಮ್ ಡಿಸ್ಟಿಲರಿ ನೋಡ್ಲೇಬೇಕಂತೆ. ನಾನೂ ಅತ್ತೆನೂ ಕುಡಿಯೋರಲ್ಲ, ಅತ್ತೆ ಅಂತೂ "ಸಮುದ್ರ ದಾಟಿ ಹೋಗಿ ಹೆಂಡದಂಗಡಿ ನೋಡೋದಾ" ಅಂತ ಮುಖ ಸಿಂಡರಿಸ್ತಿದಾರೆ. ದುಡ್ಡು ಕೊಟ್ಟು ಹೋಗೋಷ್ಟು ಚೆನ್ನಾಗಿರತ್ತಾ, ಇಲ್ಲ ಅವ್ರೊಬ್ರನ್ನೇ ಕಳಿಸಿ ನಾವು ಬೀಚಿಗೆ ಹೋಗೋದಾ?

ಉತ್ತರ: ಎಲ್ಲರೂ ಹೋಗಿ ಮೇಡಂ. ಆದ್ರೆ ಟಿಕೆಟ್ ತಗೊಳೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ, ಅಲ್ಲಿ ರಮ್ ಮಾಡೋದನ್ನ ತೋರಿಸ್ತಾರಾ, ಇಲ್ಲ ವಿಡಿಯೋ ಹಾಕಿ ನಾಲ್ಕು ಗುಟುಕು ಕೊಟ್ಟು ಅಂಗಡಿಗೆ ಬಿಡ್ತಾರಾ ಅಂತ. ಕುಡಿಯೋರಿಗೆ ಎರಡೂ ನಡೆಯುತ್ತೆ, ಕುಡಿಯದವ್ರಿಗೆ ಎರಡನೇದು ಶುದ್ಧ ಬೋರು.

ನೀವು ಇಳಿಯೋ ಊರನ್ನೇ ತಗೊಳ್ಳಿ. ಬ್ರಿಜ್‌ಟೌನ್ ಹಡಗುಕಟ್ಟೆಯಿಂದ ಕಾರಲ್ಲಿ ಕೆಲವೇ ನಿಮಿಷದಲ್ಲಿ ಮೌಂಟ್ ಗೇ ಅನ್ನೋ ರಮ್ ಕಂಪನಿಯ ವಿಸಿಟರ್ ಸೆಂಟರ್ ಸಿಗತ್ತೆ. 1703ರ ಒಂದು ದಾಖಲೆಯಲ್ಲಿ ಅವರ ರಮ್ ತಯಾರಿಯ ಸಾಮಾನಿನ ಉಲ್ಲೇಖ ಇದೆ, ಅದಕ್ಕೇ ಬಾಟಲಿ ಮೇಲೆಲ್ಲಾ ಆ ಇಸವಿ. ಆದ್ರೆ ಬಟ್ಟಿ ಇಳಿಸೋ ಜಾಗ ಅದಲ್ಲ, ಅದು ದ್ವೀಪದ ಉತ್ತರ ತುದಿಯಲ್ಲಿ ಸೇಂಟ್ ಲೂಸಿ ಕಡೆ ಇದೆ. ಟೈಮ್ ಕಮ್ಮಿ ಇದ್ದು ರುಚಿ ನೋಡೋದೇ ಮುಖ್ಯ ಅಂದ್ರೆ ವಿಸಿಟರ್ ಸೆಂಟರ್ ಸಾಕು, ನಿಮಗೆ ಒಂಬತ್ತು ಗಂಟೆ ಇದೆಯಲ್ಲ, ನಾನಾಗಿದ್ರೆ ಸೇಂಟ್ ನಿಕೋಲಸ್ ಆ್ಯಬಿಗೆ ಹೋಗ್ತಿದ್ದೆ. ಸುಮಾರು ಮುಕ್ಕಾಲು ಗಂಟೆ ದಾರಿ. ಹೆಸರು ಕೇಳಿ ಚರ್ಚು ಅನ್ಕೋಬೇಡಿ, 1650ರ ದಶಕದ ಜಮೀನ್ದಾರಿ ಬಂಗಲೆ ಅದು, ಸುತ್ತ ಕಬ್ಬಿನ ಗದ್ದೆ, ಅಲ್ಲೇ ಸಣ್ಣದಾಗಿ ರಮ್ ಮಾಡ್ತಾರೆ. ನೀವು ಹೋಗೋದು ಕಬ್ಬು ಕಡಿಯೋ ಸೀಸನ್ ಶುರುವಾಗೋ ಹೊತ್ತು, ಅದೃಷ್ಟ ಇದ್ರೆ ಹಳೇ ಸ್ಟೀಮ್ ಗಾಣ ಓಡ್ತಿರತ್ತೆ, ಎಲ್ಲಾ ದಿನ ಓಡಿಸಲ್ಲ, ಅದನ್ನ ಮೊದಲೇ ಕೇಳ್ಕೊಳ್ಳಿ. ಪುಟ್ಟ ರೈಲೂ ಇದೆ, ಮಗನ ಸಮಸ್ಯೆ ಅಲ್ಲಿಗೆ ಮುಗೀತು.

ಅತ್ತೆಗೆ ಹೆಂಡ ಅನ್ನೋ ಪದ ಎತ್ಲೇಬೇಡಿ, ಆಲೆಮನೆಗೆ ಹೋಗ್ತಿದೀವಿ ಅನ್ನಿ, ಅರ್ಧ ನಿಜಾನೇ ಅದು. ನಾನು ಮೊದಲನೇ ಸಲ ಡಿಸ್ಟಿಲರಿ ಒಳಗೆ ಕಾಲಿಟ್ಟಾಗ ಮೂಗಿಗೆ ಬಡಿದಿದ್ದು ಬೆಲ್ಲದ ವಾಸನೆ, ಅದರ ಹಿಂದೇನೇ ಹುಳಿ ಬಂದ ಬಾಳೆಹಣ್ಣಿನ ವಾಸನೆ. ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಕಾಕಂಬಿಗೆ ನೀರು ಸೇರಿಸಿ ಯೀಸ್ಟ್ ಹಾಕಿ ಹುದುಗೋಕೆ ಬಿಡ್ತಾರೆ, ತೊಟ್ಟಿ ಒಳಗೆ ಬಗ್ಗಿ ನೋಡಿದ್ರೆ ಕಂದು ನೊರೆ ಬೆಂಕಿನೇ ಇಲ್ದೆ ಕೊತಕೊತ ಕುದೀತಿರತ್ತೆ. ಬಗ್ಗೋದು ಅಂದ್ರೆ ಮುಖ ಪೂರ್ತಿ ಒಳಗೆ ಹಾಕ್ಬೇಡಿ, ನಾನು ಹಾಕಿದ್ದೆ, ಮೇಲೇಳೋ ಗ್ಯಾಸ್ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂದು ಎರಡು ಹೆಜ್ಜೆ ಹಿಂದೆ ಬಿದ್ದೆ, ಗೈಡ್‌ಗೆ ನಗು ತಡೆಯೋಕಾಗ್ಲಿಲ್ಲ, ದಿನಾ ಒಬ್ರಾದ್ರೂ ಹೀಗೆ ಸಿಗ್ತಾರಂತೆ.

ಆಮೇಲೆ ತಾಮ್ರದ ದೊಡ್ಡ ಹಂಡೆಯಲ್ಲಿ ಕಾಯಿಸಿ ಆವಿ ಹಿಡಿದು ಬಟ್ಟಿ ಇಳಿಸ್ತಾರೆ, ಇಲ್ಲಾಂದ್ರೆ ಬಟ್ಟಿ ಇಳಿಸೋಕೆ ಎತ್ತರದ ಕಂಬದಂಥ ಯಂತ್ರ ಇರತ್ತೆ. ಹಂಡೆಯದ್ದು ಘಾಟು ಜಾಸ್ತಿ, ಕಂಬದ್ದು ಹಗುರ, ಬಾರ್ಬಡೋಸ್‌ನೋರು ಎಷ್ಟೋ ರಮ್‌ಗೆ ಎರಡನ್ನೂ ಬೆರೆಸ್ತಾರೆ. ಹೊರಗೆ ಬರೋದು ನೀರಿನ ಥರ ಬಿಳಿ. ಬಣ್ಣ ಹೆಚ್ಚಾಗಿ ಪೀಪಾಯಿದು. ಅಮೆರಿಕದ ಕಾನೂನಲ್ಲಿ ಬರ್ಬನ್ ಅನ್ನೋ ವಿಸ್ಕಿನ ಹೊಸ ಸುಟ್ಟ ಓಕ್ ಪೀಪಾಯಲ್ಲೇ ಇಡ್ಬೇಕು ಅಂತಿದೆ, ಹಾಗಾಗಿ ಒಂದ್ಸಲ ಬಳಸಿದ ಪೀಪಾಯಿಗಳು ಈ ದ್ವೀಪಗಳಿಗೆ ಬಂದು ಇನ್ನೊಂದು ಜನ್ಮ ಪಡೀತಾವೆ. ಗೋಡೌನಿನ ಹೊರಗೋಡೆ ಮಸಿ ಬಳಿದ ಹಾಗೆ ಕಪ್ಪಗಿದ್ರೆ ಮಗನಿಗೆ ತೋರಿಸಿ, ಅದು ಕೊಳೆ ಅಲ್ಲ, ಆಲ್ಕೋಹಾಲ್ ಆವಿ ತಿಂದು ಬೆಳೆಯೋ ಒಂದು ಶಿಲೀಂಧ್ರ. ಆ ಸೆಕೆಗೆ ಪೀಪಾಯಿಂದ ವರ್ಷಕ್ಕೆ ನೂರಕ್ಕೆ ಐದಾರು ಪಾಲು ಆವಿಯಾಗಿ ಹೋಗತ್ತೆ, ಸ್ಕಾಟ್ಲೆಂಡಿನ ಚಳಿಯಲ್ಲಿ ಹೋಗೋದು ಹೆಚ್ಚುಕಮ್ಮಿ ಎರಡೇ ಪಾಲು. ಈ ಆವಿಯಾದ ಪಾಲಿಗೆ ದೇವತೆಗಳ ಪಾಲು ಅಂತಾರೆ.

ಬಂಗಲೆ ಚೆಂದ ಇದೆ ಅಂತ ಫೋಟೋ ತೆಗೀತಾ ಮರೀಬಾರದ ಒಂದು ವಿಷ್ಯ ಇದೆ. ಆ ಗದ್ದೆಗಳಲ್ಲಿ ಕಬ್ಬು ಕಡಿದೋರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಗುಲಾಮಗಿರಿ ರದ್ದು ಮಾಡೋ ಬ್ರಿಟಿಷರ ಕಾಯ್ದೆ 1834ರಲ್ಲಿ ಜಾರಿಗೆ ಬಂದ್ರೂ ಅಪ್ರೆಂಟಿಸ್ ಅನ್ನೋ ಹೆಸರಲ್ಲಿ ದುಡಿಸಿ ಪೂರ್ತಿ ಬಿಟ್ಟಿದ್ದು 1838ರಲ್ಲಿ. ಕೆಲವು ಗೈಡ್‌ಗಳು ಇದನ್ನ ನೇರವಾಗಿ ಹೇಳ್ತಾರೆ, ಕೆಲವರು ಎರಡು ವಾಕ್ಯದಲ್ಲಿ ದಾಟಿಸಿ ಟೇಸ್ಟಿಂಗ್ ಕಡೆ ಓಡಿಸ್ತಾರೆ. ಹನ್ನೊಂದು ವರ್ಷದವನು ಕೇಳೇ ಕೇಳ್ತಾನೆ, ಕೇಳಲಿ ಬಿಡಿ.

ಇನ್ನು ಸಣ್ಣಪುಟ್ಟದ್ದು. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತೋ ಮುಂಚೆ ಹೋಗಿ ಬರೋ ರೇಟು, ಕಾಯೋ ಟೈಮು ಎಲ್ಲಾ ಮಾತಾಡಿ, ಹೇಳಿದ್ದು ಯಾವ ಡಾಲರ್ ಅಂತನೂ ಕೇಳಿ, ಯಾಕಂದ್ರೆ ಎರಡು ಬಾರ್ಬಡೋಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್. ಮಗನ ಹತ್ರ ಮಿಲಿಟರಿ ಡಿಸೈನ್ ಚಡ್ಡಿ ಟೋಪಿ ಇದ್ರೆ ಹಡಗಲ್ಲೇ ಬಿಡಿ, ಅಲ್ಲಿ ಸಾಮಾನ್ಯ ಜನ ಅದನ್ನ ಹಾಕೋದು ಕಾನೂನುಬಾಹಿರ, ಮಕ್ಕಳೂ ಹಾಕೋ ಹಾಗಿಲ್ಲ.

ಪ್ರಶ್ನೆ: ಜುಲೈನಲ್ಲಿ ನಮ್ಮ ಹಡಗು ಜಮೈಕಾದ ಫಾಲ್ಮತ್‌ನಲ್ಲಿ ನಿಲ್ಲತ್ತೆ. ಅಲ್ಲಿನ ಆ್ಯಪಲ್ಟನ್ ಎಸ್ಟೇಟ್ ರಮ್ ಡಿಸ್ಟಿಲರಿನ ನಾವೇ ಸ್ವಂತ ಟ್ಯಾಕ್ಸಿ ಮಾಡ್ಕೊಂಡು ನೋಡಿ ಬರ್ಬಹುದಾ?

ಉತ್ತರ: ನಾನಾಗಿದ್ರೆ ಹೋಗಲ್ಲ. ಆ್ಯಪಲ್ಟನ್ ಇರೋದು ಒಳನಾಡಲ್ಲಿ, ಸೇಂಟ್ ಎಲಿಜಬೆತ್ ಕಡೆ ನಸ್ಸೌ ಕಣಿವೆಯಲ್ಲಿ, ಬೆಟ್ಟದ ರಸ್ತೆ, ಹೋಗಿ ಬರೋದ್ರಲ್ಲೇ ದಿನ ಕಳೆದುಹೋಗತ್ತೆ. ಫಾಲ್ಮತ್ ಪಕ್ಕದಲ್ಲೇ ಟ್ರೆಲಾನಿಯಲ್ಲಿ ಹ್ಯಾಂಪ್ಡನ್ ಎಸ್ಟೇಟ್ ಇದೆ, ಘಾಟು ರಮ್‌ಗೆ ಹೆಸರುವಾಸಿ, ಹಿಂದಿನ ಸಲ ಬಟ್ಟಿ ಇಳಿಸಿ ಉಳಿದ ಮಡ್ಡಿನೂ ಹುದುಗಿಸೋಕೆ ಬಳಸ್ತಾರೆ, ಹುದುಗೋದೂ ದಿನಗಟ್ಟಲೆ. ಕೊಳೆತ ಅನಾನಸ್ ವಾಸನೆ ಇಷ್ಟ ಇದ್ರೆ ಮಾತ್ರ ಹೋಗಿ, ನಂಗಂತೂ ಇಷ್ಟ.

ಗಡಿಯಾರದ ವಿಷ್ಯ ಇದಕ್ಕಿಂತ ಮುಖ್ಯ. ಜಮೈಕಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಇಡಲ್ಲ, ಫ್ಲೋರಿಡಾದಲ್ಲಿ ಇಡ್ತಾರೆ. ಅಲ್ಲಿಂದ ಹೊರಟ ಹಡಗು ಫ್ಲೋರಿಡಾ ಟೈಮಲ್ಲೇ ಇದ್ರೆ ದ್ವೀಪದ ಟೈಮಿಗಿಂತ ಒಂದು ಗಂಟೆ ಮುಂದೆ ಇರತ್ತೆ, ನಿಮ್ಮ ಫೋನು ಇಳಿದ ತಕ್ಷಣ ತಾನೇ ಹಿಂದಕ್ಕೆ ತಿರುಗಿಸ್ಕೊಂಡಿರತ್ತೆ. ನಾನು ಫೋನ್ ನೋಡಿ "ಇನ್ನೂ ಮೂರೂವರೆ" ಅಂತ ಆರಾಮಾಗಿ ಎಳನೀರು ಕುಡೀತಿದ್ದೆ, ಹಡಗಲ್ಲಿ ಆಗ ನಾಲ್ಕೂವರೆ, ಹತ್ತೋ ಕೊನೇ ಟೈಮೂ ಅದೇ. ಓಡಿ ಹೋದಾಗ ಮೆಟ್ಟಿಲು ತೆಗೆಯೋದೊಂದೇ ಬಾಕಿ ಇತ್ತು, ಡೆಕ್ ಮೇಲಿದ್ದೋರೆಲ್ಲಾ ಚಪ್ಪಾಳೆ ತಟ್ಟಿದ್ರು, ಅಂಥ ಅವಮಾನ ಬೇಡ. ಕೈಗೆ ಒಂದು ಸಾದಾ ವಾಚ್ ಕಟ್ಕೊಳ್ಳಿ. ಹಡಗಿನೋರೇ ಮಾಡೋ ಟೂರ್ ಆದ್ರೆ ಲೇಟಾದ್ರೂ ಸಾಮಾನ್ಯವಾಗಿ ಕಾಯ್ತಾರೆ, ಸ್ವಂತ ಟ್ಯಾಕ್ಸಿಗೆ ಯಾರೂ ಕಾಯಲ್ಲ.

ಪ್ರಶ್ನೆ: ಬಾಟಲಿ ತಂದ್ರೆ ಹಡಗಿನೋರು ಕಿತ್ಕೋತಾರಂತೆ, ನಿಜಾನಾ?

ಉತ್ತರ: ಕಿತ್ಕೊಳಲ್ಲ, ಎತ್ತಿಡ್ತಾರೆ. ಹಡಗು ಹತ್ತೋ ದಾರೀಲಿ ಬ್ಯಾಗು ಸ್ಕ್ಯಾನ್ ಆದಾಗ ತಗೊಂಡು ಚೀಟಿ ಕೊಡ್ತಾರೆ, ಹೆಚ್ಚಿನ ಹಡಗುಗಳಲ್ಲಿ ಕೊನೇ ರಾತ್ರಿ ವಾಪಸ್ ಸಿಗತ್ತೆ. ಆಮೇಲೆ ವಿಮಾನ ಹತ್ತೋರು ಲೇಬಲ್ ಮೇಲಿನ ಆಲ್ಕೋಹಾಲ್ ಪರ್ಸೆಂಟ್ ನೋಡಿ, 70 ದಾಟಿದ್ರೆ ವಿಮಾನದಲ್ಲಿ ಒಯ್ಯೋ ಹಾಗಿಲ್ಲ, ಚೆಕ್-ಇನ್ ಬ್ಯಾಗಲ್ಲೂ ಇಲ್ಲ. ಗ್ರೆನಡಾದ ರಿವರ್ ಆಂಟೋಯಿನ್‌ನಲ್ಲಿ 1785ರಿಂದ ನೀರಿನ ಚಕ್ರದಲ್ಲೇ ಕಬ್ಬು ಅರೀತಾರೆ, ಅವರ ರಮ್ 75 ಪರ್ಸೆಂಟ್, ಅದಕ್ಕೇ ಪ್ರವಾಸಿಗಳಿಗೆ ಅಂತ 69ರದ್ದು ಬೇರೆ ಮಾಡ್ತಾರೆ. ಅದನ್ನ ತಗೊಳ್ಳಿ, ಚೀಟಿ ಪರ್ಸಲ್ಲಿಡಿ, ಕೊನೇ ರಾತ್ರಿ ಆ ಕ್ಯೂನಲ್ಲಿ ಅರ್ಧ ಹಡಗೇ ನಿಂತಿರತ್ತೆ, ಊಟಕ್ಕೆ ಮುಂಚೆನೇ ಹೋಗಿ.