ಬಸಳೆ ಬುಡದ ಗೊಬ್ಬರ

ನಮಸ್ಕಾರ. ಫೆಬ್ರವರಿಯಲ್ಲಿ ಅಂಗನವಾಡಿಯಲ್ಲಿ ಮಗನಿಗೆ ಜಂತುಹುಳದ ಮಾತ್ರೆ ಕೊಟ್ಟರು, ಮಳೆ ಹಿಡಿಯುವ ಹೊತ್ತಿಗೆ ಮತ್ತೆ ಹುಳ ಬಿತ್ತು ಅಂತ ಬರೆದಿದ್ದೀರಿ. ಮಾತ್ರೆಯೇ ಡುಪ್ಲಿಕೇಟಾ, ಇಲ್ಲ ಬೆಲ್ಲ ಜಾಸ್ತಿ ತಿಂದಿದ್ದಕ್ಕಾ ಅನ್ನೋದು ನಿಮ್ಮ ಪ್ರಶ್ನೆ.

ಬೆಲ್ಲದ ತಪ್ಪೇನೂ ಇಲ್ಲ. ನಮ್ಮಜ್ಜಿಯೂ ಇದೇ ಹೆದರಿಕೆಗೆ ಬೆಲ್ಲದ ಡಬ್ಬಿಯನ್ನು ನಾಗಂದಿಗೆಗೆ ಏರಿಸುತ್ತಿದ್ದರು, ಪಾಪ. ಮಾತ್ರೆಯನ್ನೂ ಬೈಯಬೇಡಿ. ಆ ಮಾತ್ರೆ, ಅಂದರೆ ಅಲ್ಬೆಂಡಜೋಲ್, ಆ ಹೊತ್ತಿಗೆ ಹೊಟ್ಟೆಯಲ್ಲಿದ್ದ ಹುಳಗಳನ್ನು ಕೊಲ್ಲುತ್ತದೆ, ಅಷ್ಟೇ. ವಾರ ಬಿಟ್ಟು ಬಾಯಿಗೆ ಹೋದ ಮೊಟ್ಟೆಗೆ ಅದು ಏನೂ ಮಾಡದು. ಸರ್ಕಾರ ಫೆಬ್ರವರಿ, ಆಗಸ್ಟ್ ಅಂತ ಎರಡೆರಡು ಸಲ ಕೊಡುವುದು ಅದಕ್ಕೇ.

ನನ್ನ ಕಣ್ಣು ನಿಂತಿದ್ದು ನಿಮ್ಮ ಪತ್ರದ ಕೊನೆಯಲ್ಲಿ. ಪಾಯಿಖಾನೆ ಗುಂಡಿ ತುಂಬಿತ್ತು, ಗೊಬ್ಬರ ಸುಮ್ನೆ ಯಾಕೆ ಹಾಳು ಅಂತ ಬಸಳೆ ಬುಡಕ್ಕೆ ಹಾಕಿದೆವು ಎಂದಿದ್ದೀರಿ. ಗುಂಡಿ ಮುಚ್ಚಿಟ್ಟು ಎಷ್ಟು ದಿನವಾಗಿತ್ತು?

ಯಾಕೆ ಕೇಳಿದೆ ಅಂದರೆ, ಜಂತುಹುಳಗಳಲ್ಲೊಂದಾದ ದುಂಡುಹುಳದ ಒಂದು ಹೆಣ್ಣು ದಿನಕ್ಕೆ 2 ಲಕ್ಷದಷ್ಟು ಮೊಟ್ಟೆ ಇಡುತ್ತದೆ. ಮಲದ ಜೊತೆ ಆಗಷ್ಟೇ ಹೊರಬಿದ್ದ ಮೊಟ್ಟೆಯಿಂದ ಹುಳ ಆಗುವುದಿಲ್ಲ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಎರಡು ಮೂರು ವಾರ ಬಲಿಯಬೇಕು. ಬಲಿತ ಮೇಲೆ ನೆರಳು, ತೇವ ಸಿಕ್ಕರೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಸಿಪ್ಪೆ ಎಷ್ಟು ಗಟ್ಟಿ ಅಂದರೆ ಬ್ಲೀಚಿಂಗ್ ಪುಡಿಗೂ ಜಗ್ಗುವುದಿಲ್ಲ. ನಿಮ್ಮ ಬಸಳೆ ಚಪ್ಪರದಡಿ ನೆರಳೂ ಇದೆ, ದಿನಾ ಬಚ್ಚಲ ನೀರೂ ಹೋಗುತ್ತದೆ ಅಲ್ವಾ?

ಬಸಳೆಯನ್ನು ಹೇಗೂ ಬೇಯಿಸುತ್ತೀರಿ, ಅದರ ಭಯವಿಲ್ಲ. ಭಯ ಇರುವುದು ಅಲ್ಲೇ ಕೂತು ಮಣ್ಣಿನ ಇಡ್ಲಿ ಮಾಡುವ ಮಗನ ಉಗುರುಗಳದ್ದು. ಪಕ್ಕದಲ್ಲೇ ಕೊತ್ತಂಬರಿ ಹಾಕಿದ್ದರೆ ಅದನ್ನು ಹಸಿಯಾಗಿ ತಿನ್ನಬೇಡಿ.

ಗೊಬ್ಬರ ಹಾಕಲೇಬಾರದು ಅಂತಲ್ಲ. ಪಾಯಿಖಾನೆಗೆ ಎರಡು ಗುಂಡಿ ಇರುವುದೇ ಅದಕ್ಕೆ. ತುಂಬಿದ್ದನ್ನು ಮುಚ್ಚಿ, ಇನ್ನೊಂದಕ್ಕೆ ಪೈಪು ತಿರುಗಿಸಬೇಕು. ಮುಚ್ಚಿದ್ದನ್ನು ಕನಿಷ್ಠ ಒಂದು ವರ್ಷ ಬಿಡಿ ಅನ್ನುತ್ತಾರೆ. ನಿಮ್ಮ ಮಲೆನಾಡಿನ ಮಳೆಗೆ ನಾನಾದರೆ ಎರಡು ವರ್ಷ ಮುಟ್ಟುವುದಿಲ್ಲ. ಆಮೇಲೂ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತೇನೆಯೇ ಹೊರತು ಸೊಪ್ಪಿಗಲ್ಲ.

ಇನ್ನು ನಿಮ್ಮ ವಿಷಯ. ಬರಿಗಾಲಲ್ಲಿ ಅಡಿಕೆ ತೋಟಕ್ಕೆ ಹೋಗುತ್ತೀರಿ, ಪಾದ ನವೆ, ಸದಾ ಸುಸ್ತು ಅಂತಲೂ ಬರೆದಿದ್ದೀರಿ. ನವೆಗೆ ಬೇರೆ ಕಾರಣವೂ ಇರಬಹುದು. ಆದರೆ ಕೊಕ್ಕೆಹುಳ ಅನ್ನೋ ಇನ್ನೊಂದು ಜಂತುಹುಳದ ಮರಿ ಬಾಯಿಗೆ ಕಾಯುವುದಿಲ್ಲ, ಪಾದದ ಚರ್ಮ ಕೊರೆದೇ ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಆರೋಗ್ಯ ಕೇಂದ್ರಕ್ಕೆ ಹೋಗಿ ಮಲ ಪರೀಕ್ಷೆ, ಹಿಮೋಗ್ಲೋಬಿನ್ ಎರಡನ್ನೂ ಮಾಡಿಸಿ. ತೋಟಕ್ಕೆ ಗಂಬೂಟು ಹಾಕಿಕೊಳ್ಳಿ.

ಹಾಂ, ಮುಂದಿನ ಸಲ ಗುಂಡಿ ಮುಚ್ಚಿದಾಗ ತಾರೀಖನ್ನು ಮುಚ್ಚಳದ ಮೇಲೇ ಪೇಂಟಿನಲ್ಲಿ ಬರೆದುಬಿಡಿ.

—ಸಂ.