ಸರ್ವರ್‌ಗಳಿಗೆ ಅಡ್ಡಹೆಸರು: ಶೆಲ್ ಏಲಿಯಾಸ್ ಬೇಡ, ಎಸ್‌ಎಸ್‌ಎಚ್‌ನ ಕಾನ್ಫಿಗ್ ಕಡತವನ್ನೇ ಬಳಸಿ

ದಿನವೂ ಐದಾರು ಸರ್ವರ್‌ಗಳಿಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗೂಢಲಿಪಿಯ ಸಂಪರ್ಕದ ಮೂಲಕ ಲಾಗಿನ್ ಆಗುವ ಪ್ರೋಗ್ರಾಮ್) ಬಳಸಿ ಲಾಗಿನ್ ಆಗಬೇಕು, ಒಂದೊಂದಕ್ಕೂ ಬೇರೆ ಯೂಸರ್, ಬೇರೆ ಪೋರ್ಟ್, ಬೇರೆ ಕೀ (ಪಾಸ್‌ವರ್ಡ್ ಬದಲು ನಿಮ್ಮ ಗುರುತನ್ನು ಸಾಬೀತುಪಡಿಸುವ ಕಡತ) ಇದೆ, ಅಷ್ಟುದ್ದದ ಕಮಾಂಡನ್ನು ಪ್ರತಿ ಸಲ ಟೈಪ್ ಮಾಡುವುದು ಬೇಸರವಾಗಿ ಬ್ಯಾಷ್ ಎಂಬ ಶೆಲ್‌ನಲ್ಲಿ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಮ್‌ನಲ್ಲಿ) ಏಲಿಯಾಸ್‌ಗಳನ್ನು ಮಾಡಿಕೊಂಡಿದ್ದೇನೆ, ಇದು ಸುರಕ್ಷಿತವೇ ಎಂದು ಕೇಳಿದ್ದೀರಿ. ಏಲಿಯಾಸ್ ಮಾಡಿಕೊಂಡ ಮಾತ್ರಕ್ಕೆ ಸಂಪರ್ಕದ ಸುರಕ್ಷತೆ ಕುಗ್ಗುವುದಿಲ್ಲ; ಏಲಿಯಾಸ್ ಎಂದರೆ ನೀವು ಟೈಪ್ ಮಾಡಬೇಕಾದ ಅಕ್ಷರಗಳನ್ನು ಶೆಲ್ ನಿಮ್ಮ ಪರವಾಗಿ ತುಂಬಿಕೊಡುವುದು, ಅಷ್ಟೇ. ಆದರೆ ಆ ಸಾಲಿನೊಳಗೆ ಪಾಸ್‌ವರ್ಡನ್ನೂ ಸೇರಿಸಿಟ್ಟಿದ್ದರೆ ಅದನ್ನು ಈಗಲೇ ತೆಗೆದುಹಾಕಿ, ಆ ಪಾಸ್‌ವರ್ಡನ್ನು ಬದಲಿಸಿ, ಕೀ ಬಳಸಲು ಆರಂಭಿಸಿ. ಪಾಸ್‌ವರ್ಡ್ ಇಲ್ಲದಿದ್ದರೂ ಆ ಏಲಿಯಾಸ್‌ಗಳನ್ನು ಕೈಬಿಟ್ಟು, ಇದೇ ಕೆಲಸಕ್ಕೆಂದು ಎಸ್‌ಎಸ್‌ಎಚ್ ತಾನೇ ಇಟ್ಟುಕೊಂಡಿರುವ ಕಾನ್ಫಿಗ್ ಕಡತಕ್ಕೆ ಬರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕಾರಣ ಸರಳವಾಗಿದೆ. ಶೆಲ್‌ನ ಏಲಿಯಾಸ್ ಆ ಶೆಲ್‌ಗೆ ಮಾತ್ರ ಗೊತ್ತು. ಕಡತವೊಂದನ್ನು ಎಸ್‌ಸಿಪಿ ಮೂಲಕ ಕಳಿಸಬೇಕಾದಾಗ, ಆರ್‌ಸಿಂಕ್‌ನಿಂದ ಫೋಲ್ಡರ್‌ಗಳನ್ನು ಸರಿಹೊಂದಿಸುವಾಗ, ಗಿಟ್‌ನಲ್ಲಿ ಕೋಡ್ ಪುಶ್ ಮಾಡುವಾಗ ಅದು ಉಪಯೋಗಕ್ಕೆ ಬಾರದೆ ನೀವು ಮತ್ತೆ ಐಪಿ ವಿಳಾಸ, ಪೋರ್ಟ್, ಕೀ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಇವೆಲ್ಲವೂ ಒಳಗೊಳಗೇ ಎಸ್‌ಎಸ್‌ಎಚ್ ಅನ್ನೇ ಕರೆಯುವುದರಿಂದ, ಹೆಸರನ್ನು ಕಾನ್ಫಿಗ್ ಕಡತದಲ್ಲಿ ಒಮ್ಮೆ ಬರೆದಿಟ್ಟರೆ ಎಲ್ಲವಕ್ಕೂ ಆ ಹೆಸರೇ ಸಾಕಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಯಾವ ಸರ್ವರ್‌ಗೆ ಯಾವ ಕೀ, ಯಾವ ದಾರಿ ಎಂಬ ನಿರ್ಧಾರವನ್ನು ಬಿಡುವಾಗಿ ಯೋಚಿಸಿ ಒಂದೆಡೆ ಬರೆದಿಟ್ಟ ಮೇಲೆ, ಅವಸರದಲ್ಲಿ ಟೈಪ್ ಮಾಡುವಾಗ ಅಡ್ಡದಾರಿ ಹಿಡಿಯುವ ಪ್ರಮೇಯವೇ ಬರುವುದಿಲ್ಲ.

ಆ ಕಡತ ನಿಮ್ಮ ಹೋಮ್ ಡೈರೆಕ್ಟರಿಯೊಳಗೆ, ಚುಕ್ಕಿಯಿಂದ ಆರಂಭವಾಗುವ .ಎಸ್‌ಎಸ್‌ಎಚ್ ಎಂಬ ಫೋಲ್ಡರ್‌ನಲ್ಲಿ, ಕಾನ್ಫಿಗ್ ಎಂಬ ಹೆಸರಿನಲ್ಲಿರಬೇಕು. ಇಲ್ಲದಿದ್ದರೆ ನೀವೇ ಸೃಷ್ಟಿಸಬಹುದು. ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಬಳಸಿ ಸೃಷ್ಟಿಸುವವರು ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಸರ್ವರ್‌ಗೆ ಬೇಕಾದ ಸಾಲುಗಳು ಹೀಗಿರುತ್ತವೆ (ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕಡತದಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು):

ಹೋಸ್ಟ್ ವೆಬ್-ಟೆಸ್ಟ್
    ಹೋಸ್ಟ್‌ನೇಮ್ 203.0.113.10
    ಯೂಸರ್ ಡಿಪ್ಲಾಯ್
    ಪೋರ್ಟ್ 2222
    ಐಡೆಂಟಿಟಿಫೈಲ್ ~/.ಎಸ್‌ಎಸ್‌ಎಚ್/ವೆಬ್_ಕೀ
    ಐಡೆಂಟಿಟೀಸ್‌ಓನ್ಲಿ ಯೆಸ್

ಇನ್ನು ಮುಂದೆ ಎಸ್‌ಎಸ್‌ಎಚ್ ಎಂದು ಬರೆದು ಪಕ್ಕದಲ್ಲಿ ವೆಬ್-ಟೆಸ್ಟ್ ಎಂದರೆ ಮುಗಿಯಿತು. ಪೋರ್ಟ್ 22 ಆಗಿದ್ದರೆ ಆ ಸಾಲು ಬೇಕಾಗಿಲ್ಲ, ಅದು ಮೂಲದಲ್ಲೇ ಇರುವ ಪೋರ್ಟ್.

ಕೊನೆಯ ಸಾಲನ್ನು ಬಹಳ ಜನ ಬರೆಯುವುದಿಲ್ಲ, ಆದರೆ ನಿಮ್ಮಂತೆ ಹಲವು ಕೀಗಳನ್ನು ಇಟ್ಟುಕೊಂಡವರಿಗೆ ಅದು ಅಗತ್ಯ. ಏಜೆಂಟ್‌ಗೆ (ನಿಮ್ಮ ಕೀಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಹಿನ್ನೆಲೆ ಪ್ರೋಗ್ರಾಮ್‌ಗೆ) ನಾಲ್ಕಾರು ಕೀಗಳನ್ನು ಸೇರಿಸಿಟ್ಟಿದ್ದರೆ, ಕಡತದಲ್ಲಿ ನೀವು ಒಂದೇ ಕೀ ಹೆಸರಿಸಿದ್ದರೂ ಎಸ್‌ಎಸ್‌ಎಚ್ ಉಳಿದವನ್ನೂ ಸರ್ವರ್‌ನ ಮುಂದೆ ಒಂದೊಂದಾಗಿ ಹಿಡಿಯುತ್ತದೆ. ಎಸ್‌ಎಸ್‌ಎಚ್‌ನ ಹೆಚ್ಚು ಬಳಕೆಯ ರೂಪವಾದ ಓಪನ್‌ಎಸ್‌ಎಸ್‌ಎಚ್‌ನ ಸರ್ವರ್‌ನಲ್ಲಿ ಒಂದು ಸಂಪರ್ಕಕ್ಕೆ ಮೂಲತಃ 6 ಪ್ರಯತ್ನಗಳಿಗಷ್ಟೇ ಅವಕಾಶವಿರುವುದರಿಂದ, ಸರಿಯಾದ ಕೀಯ ಸರದಿ ಬರುವ ಮೊದಲೇ ಸರ್ವರ್ ಬಾಗಿಲು ಮುಚ್ಚಿ, ವಿಫಲ ಪ್ರಯತ್ನಗಳು ಮಿತಿಮೀರಿದವು ಎಂಬ ಸಂದೇಶ ಕಾಣಿಸುತ್ತದೆ. ಕೀ ಸರಿಯಾಗಿಯೇ ಇದ್ದರೂ ಲಾಗಿನ್ ಆಗದಿರುವುದಕ್ಕೆ ಕಾರಣ ತಿಳಿಯದೆ ತಲೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ಹೆಸರಿಸಿದ ಕೀಯನ್ನಷ್ಟೇ ಹಿಡಿ ಎಂದು ಹೇಳುವ ಈ ಒಂದು ಸಾಲು ಸೇರಿಸಿದೊಡನೆ ಎಷ್ಟೋ ಸಲ ಸಮಸ್ಯೆ ಬಗೆಹರಿಯುತ್ತದೆ.

ಈ ಕಡತದಲ್ಲಿ ಹೆಚ್ಚಿನವರು ಎಡವುವುದು ಸಾಲುಗಳ ಕ್ರಮದಲ್ಲಿ. ಕೆಳಗೆ ಬರೆದದ್ದು ಮೇಲಿನದನ್ನು ಅಳಿಸಿಹಾಕುತ್ತದೆ ಎಂದು ನಾವು ಸಹಜವಾಗಿ ಊಹಿಸುತ್ತೇವೆ, ಇಲ್ಲಿ ಅದು ತಿರುಗುಮುರುಗು: ಯಾವುದೇ ಆಯ್ಕೆಗೆ ಮೊದಲು ಸಿಕ್ಕ ಮೌಲ್ಯವೇ ಕೊನೆಯ ಮಾತು. ಹೋಸ್ಟ್ ಎಂಬುದರ ಮುಂದೆ ನಕ್ಷತ್ರ ಚಿಹ್ನೆಯನ್ನಿಟ್ಟು ಎಲ್ಲ ಸರ್ವರ್‌ಗಳಿಗೂ ಅನ್ವಯಿಸುವ ಭಾಗವನ್ನು ಕಡತದ ತಲೆಯಲ್ಲೇ ಬರೆದು, ಅದರಲ್ಲಿ ಯೂಸರ್ ಎಂಬ ಸಾಲನ್ನೂ ಹಾಕಿದರೆ, ಕೆಳಗೆ ಪ್ರತಿಯೊಂದು ಸರ್ವರ್‌ಗೂ ನೀವು ಪ್ರತ್ಯೇಕವಾಗಿ ಬರೆದ ಯೂಸರ್ ಹೆಸರುಗಳು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ನಿರ್ದಿಷ್ಟ ಸರ್ವರ್‌ಗಳು ಮೇಲಿರಲಿ, ಎಲ್ಲಕ್ಕೂ ಅನ್ವಯಿಸುವ ಭಾಗ ಕಟ್ಟಕಡೆಗೆ ಬರಲಿ. ಐಡೆಂಟಿಟಿಫೈಲ್‌ನಂತಹ ಕೆಲವು ಆಯ್ಕೆಗಳು ಈ ನಿಯಮಕ್ಕೆ ಹೊರತು. ಹೊಂದಿಕೆಯಾಗುವ ಭಾಗಗಳಲ್ಲಿ ಹೆಸರಿಸಿದ ಕೀಗಳೆಲ್ಲ ಒಟ್ಟುಗೂಡುತ್ತವೆ, ಹಾಗಾಗಿ ಸಾಮಾನ್ಯ ಭಾಗದಲ್ಲಿ ಕೀ ಹೆಸರಿಸದಿರುವುದೇ ಲೇಸು. ಏನು ಅನ್ವಯವಾಗುತ್ತಿದೆ ಎಂಬ ಅನುಮಾನ ಬಂದಾಗ, ದೊಡ್ಡಕ್ಷರದ ಜಿ ಆಯ್ಕೆಯೊಡನೆ ಎಸ್‌ಎಸ್‌ಎಚ್ ಅನ್ನು ಆ ಅಡ್ಡಹೆಸರಿಗೆ ಓಡಿಸಿ: ಸಂಪರ್ಕವನ್ನೇ ಮಾಡದೆ, ಅಂತಿಮವಾಗಿ ಯಾವ ಯೂಸರ್, ಯಾವ ಪೋರ್ಟ್, ಯಾವ ಕೀ ಎಂಬುದನ್ನೆಲ್ಲ ಅದು ಮುದ್ರಿಸಿ ತೋರಿಸುತ್ತದೆ.

ನಿಮ್ಮ ಎರಡು ಸರ್ವರ್‌ಗಳು ಒಳ ಜಾಲದಲ್ಲಿದ್ದು, ಮೊದಲು ಮಧ್ಯದ ಸರ್ವರ್‌ಗೆ ಹೋಗಿ ಅಲ್ಲಿಂದ ಜಿಗಿಯುತ್ತೇನೆ ಎಂದಿದ್ದೀರಿ. ಅಡ್ಡಹೆಸರಿನಿಂದ ನಿಜವಾಗಿ ಸುರಕ್ಷತೆ ಹೆಚ್ಚುವುದು ಇಲ್ಲಿಯೇ. ಖಾಸಗಿ ಕೀಯನ್ನು ಮಧ್ಯದ ಸರ್ವರ್‌ಗೆ ನಕಲು ಮಾಡಿಡುವುದು ಒಂದು ಕೆಟ್ಟ ರೂಢಿ; ಏಜೆಂಟ್ ಫಾರ್ವರ್ಡಿಂಗ್ (ನಿಮ್ಮ ಏಜೆಂಟನ್ನು ಆ ಸರ್ವರ್‌ನಿಂದಲೂ ಬಳಸುವಂತೆ ಮಾಡುವುದು) ಅದಕ್ಕಿಂತ ವಾಸಿಯಾದರೂ, ನೀವು ಲಾಗಿನ್ ಆಗಿರುವಷ್ಟು ಹೊತ್ತು ಆ ಯಂತ್ರದ ರೂಟ್ ಅಧಿಕಾರ (ಪೂರ್ಣ ನಿಯಂತ್ರಣ) ಉಳ್ಳವರು ನಿಮ್ಮ ಏಜೆಂಟನ್ನು ಬಳಸಿ ನಿಮ್ಮ ಹೆಸರಿನಲ್ಲಿ ಬೇರೆಡೆ ಒಳಹೋಗಲು ಸಾಧ್ಯವಿರುತ್ತದೆ. 2016ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.3ರಿಂದ ಪ್ರಾಕ್ಸಿಜಂಪ್ ಎಂಬ ಆಯ್ಕೆಯಿದೆ. ಒಳಗಿನ ಸರ್ವರ್‌ನ ಭಾಗದಲ್ಲಿ ಪ್ರಾಕ್ಸಿಜಂಪ್ ಎಂದು ಬರೆದು ಮುಂದೆ ಮಧ್ಯದ ಸರ್ವರ್‌ನ ಅಡ್ಡಹೆಸರನ್ನು ಕೊಟ್ಟರೆ, ಒಂದೇ ಕಮಾಂಡಿಗೆ ನೀವು ನೇರವಾಗಿ ಒಳಗಿರುತ್ತೀರಿ. ಮಧ್ಯದ ಯಂತ್ರ ಗೂಢಲಿಪಿಯಲ್ಲಿರುವ ದತ್ತಾಂಶವನ್ನು ಆಚೆಗೆ ದಾಟಿಸುತ್ತದೆಯೇ ಹೊರತು ಅದನ್ನು ಬಿಡಿಸಿ ನೋಡಲಾರದು, ಖಾಸಗಿ ಕೀ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಕದಲುವುದಿಲ್ಲ.

ಮೊದಲ ಸಲ ಸಂಪರ್ಕಿಸುವಾಗ ಬರುವ ಫಿಂಗರ್‌ಪ್ರಿಂಟ್ ಪ್ರಶ್ನೆ (ಸರ್ವರ್‌ನ ಸ್ವಂತ ಕೀಯ ಗುರುತನ್ನು ತೋರಿಸಿ, ನಂಬಬಹುದೇ ಎಂದು ಕೇಳುವುದು) ಕಿರಿಕಿರಿ ಎನಿಸಿ, ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ನೋ ಎಂದು ಎಲ್ಲ ಸರ್ವರ್‌ಗಳಿಗೂ ಬರೆದುಬಿಡುವ ಸಲಹೆ ನಿಮ್ಮ ಕಣ್ಣಿಗೂ ಬೀಳಬಹುದು. ದಯವಿಟ್ಟು ಅದನ್ನು ಪಾಲಿಸಬೇಡಿ. ಎದುರಿಗಿರುವುದು ನಿಮ್ಮ ಸರ್ವರ್ರೇ, ನಡುವೆ ಕೂತ ಬೇರೊಂದು ಯಂತ್ರವೇ ಎಂದು ತಿಳಿಯಲು ಇರುವ ಪರೀಕ್ಷೆಯೇ ಅದು. ಆ ಪ್ರಶ್ನೆ ಬೇಡವೇ ಬೇಡ ಎನ್ನುವುದಾದರೆ ಆಕ್ಸೆಪ್ಟ್-ನ್ಯೂ ಎಂಬ ಮೌಲ್ಯವನ್ನು ಕೊಡಿ. ಹೊಸ ಸರ್ವರ್‌ನ ಕೀಯನ್ನು ಅದು ಕೇಳದೆ ಸ್ವೀಕರಿಸುತ್ತದೆ, ಆದರೆ ಹಿಂದೆ ಕಂಡ ಸರ್ವರ್‌ನ ಕೀ ಬದಲಾಗಿದ್ದರೆ ಮುಂದುವರಿಯುವುದಿಲ್ಲ. ಸರ್ವರನ್ನು ನೀವೇ ಮರುಸ್ಥಾಪಿಸಿ ಕೀ ಬದಲಾಗಿದ್ದಲ್ಲಿ ಹಳೆಯ ದಾಖಲೆಯನ್ನು ಎಸ್‌ಎಸ್‌ಎಚ್-ಕೀಜೆನ್‌ನ ದೊಡ್ಡಕ್ಷರದ ಆರ್ ಆಯ್ಕೆಯಿಂದ ತೆಗೆಯಬಹುದು. ಆಗ ಅಡ್ಡಹೆಸರನ್ನು ಕೊಟ್ಟರೆ ಏನೂ ಸಿಗುವುದಿಲ್ಲ, ಏಕೆಂದರೆ ದಾಖಲೆಯಾಗಿರುವುದು ಹೋಸ್ಟ್‌ನೇಮ್ ಸಾಲಿನಲ್ಲಿರುವ ನಿಜವಾದ ವಿಳಾಸ; ಪೋರ್ಟ್ 22 ಅಲ್ಲದಿದ್ದರೆ [203.0.113.10]:2222 ಎಂದು ಚೌಕಾವರಣದೊಡನೆ, ಇಡೀ ವಿಳಾಸವನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು.

ಕಾನ್ಫಿಗ್ ಕಡತದಲ್ಲಿ ಪಾಸ್‌ವರ್ಡ್ ಬರೆಯಲು ಯಾವ ಆಯ್ಕೆಯೂ ಇಲ್ಲ. ಕೀಗೆ ಪಾಸ್‌ಫ್ರೇಸ್ (ಕೀ ಕಡತವನ್ನೇ ಕಾಯುವ ಗುಪ್ತಪದ) ಇಡಿ, ಆಡ್‌ಕೀಸ್‌ಟುಏಜೆಂಟ್ ಯೆಸ್ ಎಂದು ಬರೆಯಿರಿ. ಏಜೆಂಟ್ ಓಡುತ್ತಿರುವವರೆಗೆ ಒಮ್ಮೆ ಟೈಪ್ ಮಾಡಿದರೆ ಸಾಕು. ಹೊಸ ಕೀ ಮಾಡುವುದಿದ್ದರೆ ಇಡಿ25519 ಬಗೆಯದನ್ನೇ ಆರಿಸಿ. ಕಡತದ ಅನುಮತಿ 600, ಫೋಲ್ಡರ್‌ನದು 700 ಇರಲಿ, ಅಂದರೆ ನಿಮ್ಮೊಬ್ಬರಿಗೇ ಪ್ರವೇಶ. ಬೇರೆಯವರು ತಿದ್ದಬಹುದಾದ ಕಾನ್ಫಿಗ್ ಕಡತವನ್ನು ಎಸ್‌ಎಸ್‌ಎಚ್ ನಿರಾಕರಿಸಿ ಅಲ್ಲಿಗೇ ನಿಂತುಬಿಡುತ್ತದೆ. ಈ ಕಡತದಲ್ಲಿ ಗುಟ್ಟಿನ ಕೀ ಇರದಿದ್ದರೂ ನಿಮ್ಮ ಸರ್ವರ್‌ಗಳ ವಿಳಾಸ, ಯೂಸರ್ ಹೆಸರುಗಳೆಲ್ಲ ಇರುತ್ತವಾದ್ದರಿಂದ, ಇತರ ಡಾಟ್‌ಫೈಲ್‌ಗಳ (ಚುಕ್ಕಿಯಿಂದ ಆರಂಭವಾಗುವ ಸೆಟ್ಟಿಂಗ್ ಕಡತಗಳ) ಜೊತೆ ಇದನ್ನೂ ಸಾರ್ವಜನಿಕ ಗಿಟ್ ರೆಪೊಸಿಟರಿಗೆ ಹಾಕಬಾರದು.

ಹೆಸರಿಡುವಾಗ ಪಿ1, ಟಿ1 ಎಂದು ತೀರಾ ಚಿಕ್ಕದಾಗಿ ಇಡಬೇಡಿ. ಒಂದಕ್ಷರ ತಪ್ಪಿದರೆ ಟೆಸ್ಟ್ ಸರ್ವರ್ ಬದಲು ಪ್ರೊಡಕ್ಷನ್‌ನಲ್ಲಿ (ನಿಜ ಬಳಕೆಯ ಸರ್ವರ್‌ನಲ್ಲಿ) ಇರುತ್ತೀರಿ. ಪ್ರೊಡ್-ಡೇಟಾಬೇಸ್ ಎಂಬಂತಹ ಹೆಸರನ್ನು ಟ್ಯಾಬ್ ಕೀ ಪೂರ್ತಿ ಮಾಡಿಕೊಡುವಂತೆ ಶೆಲ್‌ನಲ್ಲಿ ವ್ಯವಸ್ಥೆ ಮಾಡಿಕೊಳ್ಳಬಹುದು, ಆಗ ಉದ್ದ ಒಂದು ಹೊರೆಯಲ್ಲ.

ಹೆಸರು ಸಿಗುತ್ತಿಲ್ಲ ಎಂಬ ದೋಷ ಕಂಡಾಗ ಕಮಾಂಡನ್ನು ಯಾರ ಹೆಸರಿನಲ್ಲಿ ಓಡಿಸುತ್ತಿದ್ದೀರಿ ಎಂಬುದನ್ನು ಮೊದಲು ನೋಡಿ. ಕಮಾಂಡನ್ನು ರೂಟ್ ಹೆಸರಿನಲ್ಲಿ ಓಡಿಸುವ ಸುಡೋ ಸೇರಿಸಿದರೆ ಎಸ್‌ಎಸ್‌ಎಚ್ ಓದುವುದು ರೂಟ್‌ನ ಕಾನ್ಫಿಗ್ ಕಡತವನ್ನು, ನಿಮ್ಮದನ್ನಲ್ಲ. ಬೇರೆ ಯೂಸರ್ ಹೆಸರಿನಲ್ಲಿ ಓಡುವ ಕ್ರಾನ್ ಕೆಲಸಗಳಿಗೂ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸಗಳಿಗೂ) ಇದೇ ಅನ್ವಯಿಸುತ್ತದೆ. ಅಂತಹ ಕೆಲಸಗಳಿಗೆ ಆ ಯೂಸರ್‌ನ ಹೋಮ್ ಡೈರೆಕ್ಟರಿಯಲ್ಲೇ ಪ್ರತ್ಯೇಕ ಕಡತವನ್ನೂ, ಆ ಒಂದು ಕೆಲಸಕ್ಕಷ್ಟೇ ಸೀಮಿತವಾದ ಪ್ರತ್ಯೇಕ ಕೀಯನ್ನೂ ಇಡಿ.