ಸಂಪಾದಕರ ಉತ್ತರ: ಸಂಬಳ ಎಷ್ಟು, ಉಳಿಯುವುದು ಎಷ್ಟು?

ಮಾನ್ಯರೇ,

ಗಣಿತ ಬೋಧಿಸುವ ತಮಗೆ ದುಬೈನ ಖಾಸಗಿ ಶಾಲೆಯೊಂದು ತಿಂಗಳಿಗೆ 12,000 ದಿರ್ಹಾಮ್‌ ಕೊಡಲು ಮುಂದೆ ಬಂದಿದೆ, ಒಳಲಂಡನ್ನಿನ ಸರ್ಕಾರಿ ಶಾಲೆಯೊಂದು 2024-25ರ ಶ್ರೇಣಿಯಂತೆ ವರ್ಷಕ್ಕೆ 38,766 ಪೌಂಡ್‌ ಕೊಡುವುದಾಗಿ ತಿಳಿಸಿದೆ. ಸಂಗಾತಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳೊಂದಿಗೆ ಹೊರಡಬೇಕಿರುವ ತಾವು, ಎಲ್ಲಿ ಹೆಚ್ಚು ಉಳಿತಾಯವಾದೀತು ಎಂದು ಕೇಳಿದ್ದೀರಿ. ಈ ಎರಡು ಮೊತ್ತಗಳನ್ನು ಒಂದೇ ಕರೆನ್ಸಿಗೆ ಪರಿವರ್ತಿಸಿ ಹೋಲಿಸಿದರೆ ತಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಲಂಡನ್ನಿನ ಸಂಬಳದಲ್ಲಿ ಮೊದಲ 12,570 ಪೌಂಡ್‌ಗಳಿಗೆ ತೆರಿಗೆಯಿಲ್ಲ. ಅದರ ಮೇಲಿನ ಮೊತ್ತಕ್ಕೆ ಶೇ. 20ರಷ್ಟು ಆದಾಯ ತೆರಿಗೆ, ಶೇ. 8ರಷ್ಟು ರಾಷ್ಟ್ರೀಯ ವಿಮೆ ಕಡಿತವಾಗುತ್ತದೆ. ಪಿಂಚಣಿಯ ವಂತಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ತಿಂಗಳಿಗೆ ಕೈಗೆ ಬರುವುದು ಸುಮಾರು 2,600 ಪೌಂಡ್‌ ಮಾತ್ರ. ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕಾದ ಆರೋಗ್ಯ ಸರ್ಚಾರ್ಜ್‌, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ತೆರುವ ಶುಲ್ಕ, ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್‌, ಮಕ್ಕಳಿಗೆ 776 ಪೌಂಡ್‌. ಮೂರು ವರ್ಷದ ವೀಸಾ ಆದರೆ ನಾಲ್ವರಿಗೆ 10,866 ಪೌಂಡ್‌ಗಳನ್ನು ಒಂದೇ ಬಾರಿಗೆ ತೆರಬೇಕಾಗುತ್ತದೆ. ಕೈಗೆ ಬರುವ ನಾಲ್ಕು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಈ ಹಣವನ್ನು ಮೊದಲ ಸಂಬಳ ಕಾಣುವ ಮೊದಲೇ ಹೊಂದಿಸಬೇಕು. ಶಾಲೆ ಇದನ್ನು ಭರಿಸುವುದೇ ಎಂದು ಕೇಳಲು ತಾವು ಸಂಕೋಚ ಪಡಬೇಕಿಲ್ಲ.

ಒಳಲಂಡನ್ನಿನ ಬಾಡಿಗೆಯಂತೂ ಒಬ್ಬರ ಸಂಬಳದ ಮೇಲೆ ನಡೆಯುವ ಕುಟುಂಬಕ್ಕೆ ಬಹಳ ಭಾರ. ಆದ್ದರಿಂದ ತಾವು ಯೋಚಿಸಿರದ ಮೂರನೆಯ ದಾರಿಯೊಂದನ್ನು ಸೂಚಿಸುತ್ತೇನೆ. ಲಂಡನ್ ಪ್ರದೇಶದ ಹೊರಗೆ, ಇಂಗ್ಲೆಂಡಿನ ಉಳಿದೆಡೆ, 2024-25ರ ಅದೇ ಶ್ರೇಣಿಯ ಆರಂಭಿಕ ವೇತನ 31,650 ಪೌಂಡ್‌ ಇತ್ತು. ಮೇಲ್ನೋಟಕ್ಕೆ ಇದು 7,116 ಪೌಂಡ್‌ ಕಡಿಮೆ. ಆದರೆ ಕಡಿತಗಳ ನಂತರ ವ್ಯತ್ಯಾಸ ತಿಂಗಳಿಗೆ ಸುಮಾರು 427 ಪೌಂಡ್‌ಗಳಿಗೆ ಇಳಿಯುತ್ತದೆ. ಬಾಡಿಗೆಯಲ್ಲಿ ಇದಕ್ಕಿಂತ ಹೆಚ್ಚು ಉಳಿಯುವ ಊರಿನಲ್ಲಿ ಕಡಿಮೆ ಸಂಬಳದ ಕೆಲಸವೇ ತಮಗೆ ಲಾಭ, ಮತ್ತು ಅಂಥ ಊರುಗಳು ಅಲ್ಲಿ ವಿರಳವಲ್ಲ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಶುಲ್ಕವಿಲ್ಲ ಎಂಬುದು ತಮ್ಮಂಥವರಿಗೆ ದೊಡ್ಡ ಆಸರೆ. ಸಂಗಾತಿಗೂ ಅಲ್ಲಿ ದುಡಿಯಲು ಅವಕಾಶವಿರುತ್ತದೆ.

ದುಬೈನಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿರುವ ದಿರ್ಹಾಮ್‌ ಪೌಂಡಿನಂತೆ ಡಾಲರಿನೆದುರು ಏರಿಳಿಯುವುದೂ ಇಲ್ಲ. ಆದರೆ ಹೊರದೇಶದವರ ಮಕ್ಕಳು ಸಾಮಾನ್ಯವಾಗಿ ಶುಲ್ಕ ತೆತ್ತು ಖಾಸಗಿ ಶಾಲೆಯಲ್ಲೇ ಓದಬೇಕು. ಮನೆ ಬಾಡಿಗೆಯನ್ನು ವರ್ಷಕ್ಕೆ ಲೆಕ್ಕ ಹಾಕಿ ಕೆಲವೇ ಚೆಕ್ಕುಗಳಲ್ಲಿ ಮುಂಗಡವಾಗಿ ಕೊಡುವುದು ಅಲ್ಲಿನ ರೂಢಿ. ತಮ್ಮ ಪತ್ರದಲ್ಲಿರುವ 12,000 ದಿರ್ಹಾಮ್‌ ಮನೆ ಭತ್ಯೆಯೂ ಸೇರಿದ ಮೊತ್ತವೋ ಅಲ್ಲವೋ ಎಂಬುದು ಸ್ಪಷ್ಟವಿಲ್ಲ. ಅದು ಎಲ್ಲವನ್ನೂ ಒಳಗೊಂಡ ಮೊತ್ತವಾಗಿದ್ದರೆ, ಮಕ್ಕಳ ಶುಲ್ಕಕ್ಕೆ ರಿಯಾಯಿತಿಯೂ ಇಲ್ಲದಿದ್ದರೆ, ಆ ಕೆಲಸವನ್ನು ಒಪ್ಪಬೇಡಿ ಎಂದೇ ಹೇಳುತ್ತೇನೆ. ಮನೆ ಮತ್ತು ಇಬ್ಬರು ಮಕ್ಕಳ ಶುಲ್ಕವನ್ನು ಶಾಲೆಯೇ ನೋಡಿಕೊಳ್ಳುವುದಾದರೆ, ತಮ್ಮ ಮುಂದಿರುವ ಎರಡರಲ್ಲಿ ಉಳಿತಾಯಕ್ಕೆ ದುಬೈಯೇ ಮೇಲು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಅಲ್ಲಿನ ಕಾನೂನಿನಂತೆ ಗ್ರಾಚ್ಯುಟಿಯನ್ನು ಲೆಕ್ಕ ಹಾಕುವುದು ಮೂಲ ವೇತನದ ಮೇಲೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ನಂತರದ ವರ್ಷಗಳಿಗೆ 30 ದಿನಗಳದು. 12,000ದಲ್ಲಿ ಮೂಲ ವೇತನ 8,000 ಇದ್ದರೆ ಐದು ವರ್ಷಕ್ಕೆ 28,000 ದಿರ್ಹಾಮ್‌ ದೊರೆಯುತ್ತದೆ, 4,000 ಇದ್ದರೆ 14,000 ಮಾತ್ರ. ಒಟ್ಟು ಸಂಬಳ ಒಂದೇ ಆಗಿದ್ದರೂ ಹೊರಡುವ ದಿನ ಸಿಗುವ ಹಣ ಅರ್ಧಕ್ಕೆ ಇಳಿದಿರುತ್ತದೆ. ನೇಮಕಾತಿಯ ಖರ್ಚನ್ನು ಉದ್ಯೋಗಿಯಿಂದ ವಸೂಲಿ ಮಾಡುವುದನ್ನೂ ಆ ಕಾನೂನು ನಿಷೇಧಿಸಿದೆ. ಯಾರಾದರೂ ಆ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ.

ಹೀಗಾಗಿ ಈಗ ತಾವು ಎರಡು ಪತ್ರ ಬರೆಯಬೇಕು. ದುಬೈನ ಶಾಲೆಗೆ ಬರೆದು ಮೂಲ ವೇತನ, ಮನೆ ಭತ್ಯೆ, ಮಕ್ಕಳ ಶುಲ್ಕ ಇವುಗಳ ವಿವರವನ್ನು ಬೇರೆಬೇರೆಯಾಗಿ ಕೇಳಿ. ಲಂಡನ್ನಿನ ಶಾಲೆಗೆ ಬರೆಯುವಾಗ, ಕ್ಯೂಟಿಎಸ್‌ ಎಂಬ ಅಲ್ಲಿನ ಶಿಕ್ಷಕ ಮಾನ್ಯತೆ ತಮಗೆ ಇನ್ನೂ ದೊರೆಯದಿದ್ದರೂ 38,766 ಪೌಂಡ್‌ಗಳನ್ನೇ ಕೊಡುತ್ತಾರೆಯೇ ಎಂದು ವಿಚಾರಿಸಿ, ಏಕೆಂದರೆ ಮಾನ್ಯತೆಯಿಲ್ಲದ ಶಿಕ್ಷಕರಿಗೆ ಬೇರೆಯೇ, ಕಡಿಮೆ ಶ್ರೇಣಿಯಿದೆ. ಎರಡೂ ಕಡೆಯಿಂದ ಲಿಖಿತ ಉತ್ತರ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

– ಸಂಪಾದಕ